ಓಗೊಟ್ಟವ್ವನ ಮರಡಿ

ದೇಶ ದೊಡ್ಡದು, ಒಪ್ಪೋಣ. ಬಡಗಲಿಗೆ ಹಿಮದ ಬೆಟ್ಟ, ಪಡುವಲಿಗೆ ಮರಳುಗಾಡು, ಮೂರು ಕಡೆ ಕಡಲು, ನಡುವೆ ಪ್ರಸ್ಥಭೂಮಿ ಎಂದು ಶಾಲೆಯ ಗೋಡೆಯ ನಕಾಶೆ ಬಣ್ಣಬಣ್ಣವಾಗಿ ತೋರಿಸುತ್ತದೆ. ಆದರೆ ಬಯಲು ಎಂದರೆ ಏನೆಂದು ತಿಳಿಯಬೇಕಾದರೆ ನಮ್ಮ ಕಣವಿಹಾಳಕ್ಕೇ ಬರಬೇಕು. ಬೇರೆಯವರದೆಲ್ಲ ಬರೀ ಅಂಗಳ. ಊರಿನ ಮೂಡಲಿಗೆ ಎರೆನೆಲ ಆಕಾಶದ ಅಂಚಿನವರೆಗೆ ಕರಿಕಂಬಳಿ ಹಾಸಿದಂತೆ ಬಿದ್ದಿದೆ. ಅದರ ನಡುವೆ ಕೆಂಪು ಗರಸಿನ ಒಂದೇ ಒಂದು ದಿಬ್ಬ. ಅದಕ್ಕೆ ಜೊತೆಯಾಗಿ ಇನ್ನೊಂದು ಗುಡ್ಡ ಕಣ್ಣಳತೆಯಲ್ಲೆಲ್ಲೂ ಇಲ್ಲ. ಅದನ್ನೇ ಓಗೊಟ್ಟವ್ವನ ಮರಡಿ ಎನ್ನುತ್ತಾರೆ. ಪರವೂರಿನವರು ಹತ್ತಿ ನಿಂತು ಕೂಗುತ್ತಾರೆ. ಕೂಗು ಹೋಗುತ್ತದೆ, ತಿರುಗಿ ಬರುವುದಿಲ್ಲ. ಬರಲಿಕ್ಕೆ ಎದುರಿಗೆ ಒಂದು ಬಂಡೆಯಾದರೂ ಬೇಕಲ್ಲ! ಓಗೊಡದ ದಿಬ್ಬಕ್ಕೆ ಇಂಥ ಹೆಸರೇಕೆಂದು ಅವರು ಕೇಳಿದರೆ ನಮ್ಮ ಹಿರಿಯರು ಬರಮನ ಕಥೆ ತೆಗೆಯುತ್ತಾರೆ.

ಹಿಂದೆ ಒಮ್ಮೆ, ಪಡುವಲ ಘಟ್ಟದಲ್ಲಿ ಕುರಿ ಕಾಯುತ್ತಿದ್ದ ಬರಮನೂ ಅವನ ಹೆಂಡತಿ ಲಗಮಿಯೂ, ಮುಂಗಾರಿನ ಜಡಿಮಳೆಗೆ ಹಿಂಡು ಉಳಿಯಲಾರದೆಂದು, ಮಳೆ ತೆಳುವಾದ ಈ ಬಯಲಿಗೆ ಮೊದಲ ಸಲ ಇಳಿದು ಬಂದರು. ಅವರು ಕಣಿವೆಯಲ್ಲಿ ಹುಟ್ಟಿ ಬೆಳೆದವರು. ಕೆಮ್ಮಿದರೆ ಎದುರು ಗುಡ್ಡವೂ ಕೆಮ್ಮುವ ನೆಲ ಅವರದು. ಅಲ್ಲಿ ಗಂಡಹೆಂಡಿರ ಜಗಳಕ್ಕೆ ಪಂಚಾಯಿತಿ ಇರಲಿಲ್ಲ. ಮುನಿದು ದೂರ ಹೋದವರನ್ನು ಇನ್ನೊಬ್ಬರು ಎತ್ತರಕ್ಕೆ ಹತ್ತಿ ಹೆಸರು ಹಿಡಿದು ಕರೆಯಬೇಕು, ಒಂದೇ ಸಲ. ಆ ಕಡೆಯಿಂದ ‘ಓ’ ಎಂದರೆ ಜಗಳ ಮುಗಿಯಿತು. ಕರೆದವರೇ ನಡೆದು ಹೋಗಿ ಕರೆತರಬೇಕು. ಓಗೊಡದಿದ್ದರೆ ಸಂಬಂಧವೇ ಮುಗಿಯಿತು. ಮತ್ತೆ ಕರೆಯುವಂತಿಲ್ಲ, ಬೆನ್ನು ಹತ್ತುವಂತಿಲ್ಲ.

ಲಗಮಿ ಬೆರಳಿಗೆ ಹಾಲು ಹಚ್ಚಿ ಚೀಪಿಸಿ ಬದುಕಿಸಿದ ಕುಂಟು ಮರಿಯೊಂದಿತ್ತು. ಅದರಿಂದ ಹಿಂಡು ತಡವಾಗುತ್ತದೆಂದು ಬರಮ ಅವಳನ್ನು ಕೇಳದೆ ದಾರಿಯ ಹಳ್ಳಿಯಲ್ಲಿ ಯಾರಿಗೋ ಕೊಟ್ಟುಬಿಟ್ಟ. ಮರಡಿಯ ಬುಡಕ್ಕೆ ಬಂದಾಗ ಅವಳಿಗೆ ಅದು ತಿಳಿಯಿತು. “ನಾಳೆ ನನ್ನ ಕಾಲು ಉಳುಕಿದ್ರ ನನ್ನೂ ಯಾರಿಗರ ಕೊಟ್ಟು ಮುಂದ ಹೋಗಾವನೇನ ನೀ?” ಎಂದಳು. “ನಿನ್ನ ಯಾರು ತಗೋತಾರ? ಹೊಟ್ಟಿಗೆ ಹಾಕಾಕ ಆಗಬೇಕಲ್ಲ!” ಎಂದು ಅವನು ನಕ್ಕ. ಅವಳು ನಗಲಿಲ್ಲ. ತವರಿನವರು ಕೊಟ್ಟ ಕುರಿಗಳನ್ನು ಬೇರೆ ಮಾಡಿ ಮೂಡಲಿಗೆ ಹೊಡೆದುಕೊಂಡು ನಡೆದೇ ನಡೆದಳು. ನಮ್ಮ ಬಯಲಿನಲ್ಲಿ ಹೋದವರು ಮರೆಯಾಗುವುದಿಲ್ಲ, ಸಣ್ಣದಾಗುತ್ತಾರೆ. ಬರಮ ನೋಡುತ್ತಲೇ ಇದ್ದ. ಹೆಂಡತಿ ನೀರಿನ ಕೊಡದಷ್ಟಾದಳು, ಹಿಡಿಯಷ್ಟಾದಳು, ದೂರದ ಒಂಟಿ ಜಾಲಿಯ ಬುಡದಲ್ಲಿ ಚುಕ್ಕೆಯಾಗಿ ನಿಂತಳು.

ಹೊತ್ತು ಇಳಿಯುವಾಗ ಅವನ ಬಿಗುಮಾನವೂ ಇಳಿಯಿತು. ಮರಡಿ ಹತ್ತಿದ. ಬೆನ್ನ ಹಿಂದಿನಿಂದ ಪಡುವಲ ಗಾಳಿ ಹೆಗಲ ಕಂಬಳಿಯನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಎದೆ ತುಂಬ ಉಸಿರೆಳೆದು “ಲಗಮೀ!” ಎಂದು ಕರೆದ. ಬೆಟ್ಟದಲ್ಲಾಗಿದ್ದರೆ ಆ ಹೆಸರು ಕಣಿವೆ ಸುತ್ತಿ ಅವನ ಕಿವಿಗೇ ಮರಳುತ್ತಿತ್ತು. ಇಲ್ಲಿ ಬಾಯಿಂದ ಹೊರಟದ್ದು ಹೊರಟೇ ಹೋಯಿತು. ಅಂಥ ಖಾಲಿತನ ಅವನ ಕಿವಿಗೆ ಹೊಸದು. ಕತ್ತಲಾಗುವವರೆಗೆ ನಿಂತು ಆಲಿಸಿದ. ಬರೀ ಗಾಳಿ. ಓಗೊಡಲಿಲ್ಲ ಎಂದುಕೊಂಡ. ಬೆಳಗ್ಗೆ ಹಿಂಡು ತಿರುಗಿಸಿ ತೆಂಕಲ ದಾರಿ ಹಿಡಿದ. ಹೊರಳಿ ನೋಡಲಿಕ್ಕೂ ಅವರ ಕಟ್ಟಳೆ ಬಿಡಲಿಲ್ಲ.

ಮಳೆಗಾಲ ಮುಗಿದು ಗಾಳಿ ಮೂಡಲಿನಿಂದ ಬೀಸತೊಡಗಿದಾಗ, ಬೆಟ್ಟಕ್ಕೆ ಮರಳುವ ದಾರಿಯಲ್ಲಿ ಅವನು ಮತ್ತೆ ಆ ಮರಡಿಯ ಮೇಲೆ ಬೀಡುಬಿಟ್ಟ. ಸುಮ್ಮನೆ ಕುಳಿತವನಿಗೆ ಕಿವಿಯ ಬಳಿಯೇ ಹೆಣ್ಣುದನಿ ಕೇಳಿಸಿತು: “ಏ ಕಾಶವ್ವಾ, ನಿನ್ನ ಸೊಸಿ ಮಾಡಿದ್ದು ರೊಟ್ಟಿ ಏನಬೇ, ಹಲಗಿ ಏನ? ಬಡದ್ರ ಸಪ್ಪಳಾ ಬರ್ತೈತಿ!” ಹಿಂದೆಯೇ ನಗು. ಸುತ್ತ ಯಾರೂ ಇರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ, ಜಾಲಿಯ ಆಚೆ ಹೊಲದಲ್ಲಿ ಇರುವೆಗಳಷ್ಟಾಗಿ ಕಳೆ ತೆಗೆಯುವವರು. ಬರಮ ಕೂಗಿದ, ಒಬ್ಬರೂ ತಲೆಯೆತ್ತಲಿಲ್ಲ. ಆಗ ಅವನಿಗೆ ಈ ನೆಲದ ಗುಣ ತಿಳಿಯಿತು. ಇಲ್ಲಿ ಮಾತು ಗಾಳಿಯ ಜೊತೆಗಷ್ಟೇ ಹೋಗುತ್ತದೆ, ಗಾಳಿಗೆದುರಾಗಿ ಬರುವುದಿಲ್ಲ. ಅಂದು ಅವನ ಕರೆ ಅವಳಿಗೆ ಮುಟ್ಟಿತ್ತು. ಅವಳ ‘ಓ’ ಇವನನ್ನು ಮುಟ್ಟಿರಲಿಲ್ಲ.

ಕುರಿಗಳನ್ನು ಅಲ್ಲೇ ಬಿಟ್ಟು ಆ ಹೊಲಕ್ಕೆ ಓಡಿ ಲಗಮಿಯನ್ನು ವಿಚಾರಿಸಿದ. ಕಾಶವ್ವ ಎಂಬ ಮುದುಕಿ ಕುಡುಗೋಲು ಕೆಳಗಿಟ್ಟು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಆ ಕುರಿಯಾಕಿನಾ? ಓ ಅಂತ ಒದರಿ ಒದರಿ ಗಂಟಲಾ ಹರಕೊಂಡ್ಳಪಾ. ‘ಕರದಾನ, ನಾ ಓ ಅಂದೀನಿ, ಈಗ ಬರ್ತಾನ’ ಅಂತ ಬುತ್ತಿ ಬಿಚ್ಚಿ ಎರಡು ಪಾಲು ಮಾಡಿ ಕುಂತಿದ್ಲು. ಮರುದಿನಾನೂ ಕುಂತ್ಲು. ಆಮ್ಯಾಲೆ ಎದ್ದು ಹೋದ್ಲು.”

“ಎಲ್ಲಿಗಬೇ?”

“ಮೂಡಲಕ್ಕ. ಮೂಡಲ ಅಂದ್ರ ಒಂದೂರೇನಪಾ?”

ಒಂದೂರಲ್ಲ. ಮೂಡಲಿಗೆ ಹೊಳೆಗಳಿವೆ, ಹೊಳೆಯಾಚೆ ಬಂಡೆಗಳ ನಾಡು, ಅದರಾಚೆ ಇನ್ನೊಂದು ಘಟ್ಟದ ಸಾಲು, ತಗ್ಗುನಾಡು, ಕಡಲು. ಕಟ್ಟಳೆ ಮುರಿದು ಬರಮ ಅಷ್ಟನ್ನೂ ತುಳಿದು ಹುಡುಕಿದ ಎನ್ನುತ್ತಾರೆ. ಇಷ್ಟು ದೊಡ್ಡ ದೇಶದಲ್ಲಿ ಒಬ್ಬಳು ಸಿಗಲಿಲ್ಲ. ತಲೆ ನರೆತ ಮೇಲೆ ಮರಳಿ ಬಂದು ಮರಡಿಯ ಮೇಲೆಯೇ ಉಳಿದ. ನೀನು ಯಾರೆಂದು ಕೇಳಿದವರಿಗೆ ತನ್ನ ಹೆಸರು ಹೇಳುತ್ತಿರಲಿಲ್ಲವಂತೆ. “ಇದು ಓಗೊಟ್ಟಾಕಿ ಜಾಗ. ಆಕಿ ಓ ಅಂದಿದ್ಲು” ಎನ್ನುತ್ತಿದ್ದನಂತೆ, ಯಾರೋ ಇಲ್ಲವೆಂದು ವಾದ ಹೂಡಿದ್ದಾರೇನೋ ಎಂಬ ಹಾಗೆ.

ಈಗಲೂ ಅಲ್ಲಿ ಗುಡಿಯಿಲ್ಲ, ಮೂರ್ತಿಯಿಲ್ಲ. ಮೂಡಲಿಗೆ ಮುಖವಾಗಿ, ಕುಳಿತು ಕುಳಿತು ಸವೆದ ಒಂದು ಚಪ್ಪಟೆ ಕಲ್ಲಿದೆ. ಮಳೆಗಾಲದಲ್ಲಿ ಕುರಿಗಾರರು ಬಂದು ಬೀಡುಬಿಡುತ್ತಾರೆ. ಬೇರೆಲ್ಲಾದರೂ ಊರು ಏಳುವಂತೆ ಒದರುವ ಗಂಡಸರು ಈ ಮರಡಿಯ ಮೇಲಿಂದ ಮಾತ್ರ ಯಾರನ್ನೂ ಕೂಗಿ ಕರೆಯುವುದಿಲ್ಲ. ಊಟಕ್ಕೆ ಬಾ ಎನ್ನಬೇಕಾದರೂ, ಜೇಬಿನಲ್ಲಿ ಮೊಬೈಲು ಇದ್ದರೂ, ಹೆಂಡತಿ ನಿಂತಲ್ಲಿಗೇ ಹಸಿ ಎರೆಯಲ್ಲಿ ಮೊಣಕಾಲುದ್ದ ಹೂತುಕೊಳ್ಳುತ್ತ ನಡೆದು ಹೋಗಿ ಹೆಸರು ಹಿಡಿದು ಕರೆಯುತ್ತಾರೆ. ನೋಡಲು ಬಂದವರು ನಗುತ್ತಾರೆ. ಗಂಡ ಕೈಗೆಟುಕುವಷ್ಟು ಹತ್ತಿರ ನಿಂತಿದ್ದರೂ, ಆ ಹೆಂಗಸು ಗಟ್ಟಿಯಾಗಿ ‘ಓ’ ಎನ್ನುತ್ತಾಳೆ.