ಬೆಟ್ಟದ ಬೆಳ್ಳುಳ್ಳಿ, ಬಯಲಿನ ಹಿತ್ತಲು

“ಸ್ವಾಮಿ, ನಮ್ಮದು ಐದು ತಲೆಮಾರಿನಿಂದ ಊರಿಗೆ ನ್ಯಾಯ ಹೇಳಿದ ಮನೆತನ. ನಮ್ಮ ಹಿರಿಯರು ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ಬೆಳ್ಳಿ ಚಮಚ ಕದ್ದಳೆಂದು ಊರವರ ಎದುರಿಗೇ ಹೇಳಿ ಅಡುಗೆಯಾಕೆಯನ್ನು ಕೆಲಸದಿಂದ ಬಿಡಿಸಿದೆ. ಚಮಚ ನನ್ನ ಪೆಟ್ಟಿಗೆಯಲ್ಲೇ ಸಿಕ್ಕಿತು. ಅವಳಿಗೆ ರೇಷ್ಮೆ ಸೀರೆ ಕಳುಹಿಸಿದ್ದೇನೆ. ಅಷ್ಟು ಸಾಲದೇ?” ಎಂದು ಅಂಬುಜಾಕ್ಷಿಯಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತು ಕೇಳಿದರು.

ಗುರುಗಳು ಕತೆ ಹೇಳಿದರು.

ಬಯಲುಸೀಮೆಯ ಒಬ್ಬ ಗೃಹಿಣಿಗೆ ಹಿತ್ತಲಿನಲ್ಲಿ ಬೆಳ್ಳುಳ್ಳಿ ಬೆಳೆಯುವ ಮನಸ್ಸಾಯಿತು. ಬೆಟ್ಟದ ಊರಿನಿಂದ ಬೀಜದ ಬೆಳ್ಳುಳ್ಳಿ ತರಿಸಿದಳು. ಒಂದೊಂದು ಎಸಳೂ ಹೆಬ್ಬೆರಳಿನಷ್ಟು ದಪ್ಪ. ಹಿತ್ತಲು ನೋಡಿಕೊಳ್ಳುವ ಹೆಂಗಸು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಅಮ್ಮಾವ್ರೆ, ಇದು ಚಳಿ ಉಂಡು ಬೆಳೆದದ್ದು. ನಮ್ಮ ಸೆಕೆಗೆ ಗರಿ ಬಿಡ್ತದೆ, ಗೆಡ್ಡೆ ಕಟ್ಟಲ್ಲ. ನಾಟಿ ಎಸಳೇ ಊರೋಣ.”

“ಆ ಇಲಿಹಲ್ಲನ್ನೇ? ಅದನ್ನು ಸುಲಿಯುವುದರೊಳಗೆ ಊಟದ ಹೊತ್ತು ಮೀರುತ್ತದೆ. ಹೇಳಿದಷ್ಟು ಮಾಡು.”

“ಇಲಿಹಲ್ಲಾದ್ರೂ ಕಚ್ತದಲ್ಲ, ಅಮ್ಮಾವ್ರೆ,” ಎಂದು ನಕ್ಕು, ಹೆಂಗಸು ಹೇಳಿದಂತೆಯೇ ನೆಟ್ಟಳು.

ಗರಿಗಳು ಮೊಣಕಾಲೆತ್ತರ ಬಂದವು. ಗೃಹಿಣಿ ನೆರೆಯವರನ್ನೆಲ್ಲ ಕರೆದು, ಅವರೆದುರಿಗೆ ಕೀಳಿಸಿದಳು. ಬುಡದಲ್ಲಿ ಬೇರಲ್ಲದೆ ಬೇರೇನೂ ಇರಲಿಲ್ಲ. ನೆರೆಯವರು ಸೆರಗಿನ ಮರೆಯಲ್ಲಿ ನಕ್ಕರು.

“ಇವಳದು ಕರಿನಾಲಗೆ. ಗೆಡ್ಡೆ ಕಟ್ಟುವುದಿಲ್ಲವೆಂದು ನೆಡುವ ದಿನವೇ ನುಡಿದಿದ್ದಳು,” ಎಂದಳು ಗೃಹಿಣಿ.

ಮಾತು ಊರೆಲ್ಲ ಹರಡಿತು. ಕೆಟ್ಟದ್ದನ್ನು ನುಡಿದರೆ ಹಾಗೆಯೇ ಆಗುವ ನಾಲಗೆಯವಳನ್ನು ಬಿತ್ತನೆಗೆ ಯಾರು ಕರೆಯುತ್ತಾರೆ? ಹೆಂಗಸು ಕೆಲಸವಿಲ್ಲದೆ ಕುಳಿತಳು.

ಮರುವರ್ಷ ಗೃಹಿಣಿ ಯಾರಿಗೂ ಹೇಳದೆ ನಾಟಿ ಎಸಳನ್ನೇ ಊರಿದಳು. ಗೆಡ್ಡೆ ಬಿಗಿಯಾಗಿ ಕಟ್ಟಿತು. ಅವಳ ಮನಸ್ಸು ಚುಚ್ಚಿತು. ದೊಡ್ಡ ಗೆಡ್ಡೆಗಳನ್ನೇ ಆರಿಸಿ, ಬುಟ್ಟಿ ತುಂಬಿ, ಆ ಹೆಂಗಸಿನ ಮನೆಗೆ ಕಳುಹಿಸಿದಳು. ಹೆಂಗಸು ಬುಟ್ಟಿಯನ್ನು ಇಳಿಸಿಕೊಂಡಳು. ಒಗ್ಗರಣೆಗೆ ಹಾಕಿ ಉಂಡಳು. ಆ ವರ್ಷವೂ ಅವಳನ್ನು ಯಾರೂ ಹೊಲಕ್ಕೆ ಕರೆಯಲಿಲ್ಲ.

ಗುರುಗಳು ನಿಲ್ಲಿಸಿದರು. ಅಂಬುಜಾಕ್ಷಿಯಮ್ಮನಿಗೆ ಇದು ನ್ಯಾಯವೆನಿಸಲಿಲ್ಲ.

“ಬುಟ್ಟಿ ತುಂಬ ಕೊಟ್ಟಳಲ್ಲ, ಸ್ವಾಮಿ. ಅದಕ್ಕಿಂತ ಹೆಚ್ಚಿಗೆ ಇನ್ನೇನು ಕೊಡಬೇಕಿತ್ತು?” ಎಂದರು. ಕೇಳಿ ಮುಗಿಸುವಷ್ಟರಲ್ಲಿ ಅವರ ದನಿ ಇಳಿದಿತ್ತು.

ಗುರುಗಳು ಹೇಳಿದರು: “ಏಳು ತಾಯಿ, ಊರವರ ಎದುರಿಗೆ ಆ ಅಡುಗೆಯಾಕೆಯ ಕ್ಷಮೆ ಕೇಳು.”