ಗಿಳಿ ಹೊತ್ತು ತರದ ಮಾತು

ಹೊಳೆದಂಡೆಯ ಜಾಲಿಮರದಲ್ಲಿ ರೆಕ್ಕೆ ಮುರಿದ ಒಂದು ಮುದಿ ಗೀಜಗವಿತ್ತು. ಗೂಡು ನೇಯುವುದರಲ್ಲಿ ಅದನ್ನು ಮೀರಿಸುವವರಿರಲಿಲ್ಲ. ಹೊಳೆಯ ಮೇಲ್ಭಾಗದ ಕಾಡಿನಲ್ಲಿದ್ದ ನೂರು ಎಳೆಯ ಗೀಜಗಗಳಿಗೆ ಅದು ಗಿಳಿಯ ಮೂಲಕ ಪಾಠ ಹೇಳಿ ಕಳಿಸುತ್ತಿತ್ತು. ಶಿಷ್ಯರ ಮುಖವನ್ನು ಒಂದು ದಿನವೂ ಕಂಡಿರಲಿಲ್ಲ.

ದಿನವೂ ಗಿಳಿ ಹಿಂತಿರುಗಿ, "ಗುರುಗಳೇ, ನೂರಕ್ಕೆ ನೂರೂ 'ತಿಳಿಯಿತು' ಎಂದವು. ಈ ಹೊಳೆಯುದ್ದಕ್ಕೂ ನಿಮ್ಮಷ್ಟು ಹೆಸರು ಮಾಡಿದ ಗುರುವಿಲ್ಲ" ಎನ್ನುತ್ತಿತ್ತು.

"ಯಾರೂ ಏನೂ ಕೇಳಲಿಲ್ಲವೇ?" ಎಂದು ಗೀಜಗ ಆಸೆಯಿಂದ ಕೇಳುತ್ತಿತ್ತು.

ಒಂದು ದಿನ ಗಿಳಿ ಬೇಸತ್ತು ಹೇಳಿತು: "ಒಂದು ಮರಿ ಏನೋ ಕೇಳಲು ಹೊರಟಿತ್ತು. ಮಾತು ಉದ್ದವಾಯಿತು. ಅಷ್ಟನ್ನು ನೆನಪಿಟ್ಟುಕೊಂಡು ಹಾರುವುದು ನನ್ನಿಂದಾಗದು. ಅದಕ್ಕೂ 'ತಿಳಿಯಿತು' ಎನ್ನಲು ಕಲಿಸಿ ಬಂದೆ."

ಮರುದಿನ ಹೊಳೆಯಲ್ಲಿ ಒಂದು ಗೂಡು ತೇಲಿ ಬಂತು. ಗೀಜಗ ಅದನ್ನು ಕೊಕ್ಕಿನಿಂದ ದಡಕ್ಕೆಳೆದು ನೋಡಿತು. ನೇಯ್ಗೆಯೆಲ್ಲ ಅಚ್ಚುಕಟ್ಟಾಗಿತ್ತು. ಕೊಂಬೆಗೆ ಬಿಗಿಯುವ ಮೊದಲ ಗಂಟೊಂದು ಮಾತ್ರ ತಪ್ಪಾಗಿತ್ತು. ಆ ಗಂಟನ್ನು ಬಹಳ ಹೊತ್ತು ಸವರುತ್ತ ಕುಳಿತು, ಆಮೇಲೆ ಗೀಜಗ ಮರಳಿನ ಮೇಲೆ ಕುಪ್ಪಳಿಸುತ್ತ ಹೊಳೆಯ ಮೇಲ್ಭಾಗದತ್ತ ಹೊರಟಿತು.

"ಎಲ್ಲಿಗೆ ಗುರುಗಳೇ? ನಿಮಗೆ ಹಾರಲಾಗದು, ದಾರಿಯೋ ಬಲು ದೂರ. ಅಲ್ಲಿ ಎಲ್ಲರಿಗೂ ತಿಳಿದಿದೆಯಲ್ಲ!" ಎಂದು ಗಿಳಿ ಕೂಗಿತು.

ಗೀಜಗ ನಿಲ್ಲಲಿಲ್ಲ. "ಕೊನೆಗೂ ತಿಳಿಯದವನೊಬ್ಬ ಸಿಕ್ಕಿದ," ಎಂದಿತು.