ಬೈಸಿಕೊಳ್ಳುವ ಕಾರು

"ಹತ್ತಿರ ಬಾರೇ, ಗುಟ್ಟಿನ ಮಾತು. ಎಲ್ಲಾದರೂ ಬಾಯಿಬಿಟ್ಟೆಯೋ, ನಿನ್ನ ಹಾರನ್ ಕಿತ್ತುಹಾಕ್ತೀನಿ," ಎಂದು ಗ್ಯಾರೇಜಿನ ಮೂಲೆಯ ಮುದಿ ಆಟೋ ಹೊಸದಾಗಿ ಬಂದ ಮೊಪೆಡ್ಡಿಗೆ ಪಿಸುಗುಟ್ಟಿತು. "ಪಕ್ಕದಲ್ಲಿದ್ದಾಳಲ್ಲ ಅಮೆರಿಕದ ಕಾರು, ಅವಳಜ್ಜ ಅಲ್ಲಿ ಕುದುರೆಗಾಡಿಗಳ ಅನ್ನ ಕಿತ್ತುಕೊಂಡ ದೊಡ್ಡ ಮನುಷ್ಯನಂತೆ. ಇವಳೋ, ಏರು ಕಂಡರೆ ಕುದೀತಾಳೆ, ಇಳಿಜಾರಲ್ಲಿ ಗೇರು ಬಿಡ್ತಾಳೆ. ಯಜಮಾನ ನಡುಬೀದಿಯಲ್ಲೇ ನಿಂತು ಉಗೀತಾನೆ!"

ಕಾರಿನ ರಿಪೇರಿ ಮುಗಿದಿತ್ತು. ಅಷ್ಟರಲ್ಲಿ ಆ ಯಜಮಾನನೇ ಬಂದ. "ದರಿದ್ರದ್ದೇ, ಮದುವೆ ಮನೆಗೆ ಹೊರಟಾಗಲೇ ಕೈಕೊಡ್ತೀಯಲ್ಲ," ಎಂದು ಬೈಯುತ್ತಲೇ ಹೆಗಲ ಮೇಲಿನ ಟವೆಲಿನಿಂದ ಕಾರಿನ ಗಾಜು ಒರೆಸಿದ.

ಮೊಪೆಡ್ಡು ಕಿಸಕ್ಕೆಂದಿತು. ಆಟೋಗೆ ಮಾತ್ರ ನಗು ಬರಲಿಲ್ಲ. ತನ್ನನ್ನು ಇಲ್ಲಿ ಬಿಟ್ಟುಹೋದವನು ಬೈಯುವುದಕ್ಕಾದರೂ ಮತ್ತೆ ಬಂದಿರಲಿಲ್ಲ. ಈಗ ಈ ಕಾರೂ ಹೋಗಿಬಿಟ್ಟರೆ ತಾನು ಯಾರ ಸುದ್ದಿ ಆಡಿಕೊಂಡು ಹೊತ್ತು ಕಳೆಯಬೇಕು?

ಗೇಟಿನ ಬಳಿ ಕಾರು ಗಕ್ಕನೆ ನಿಂತು, ಆಟೋದ ಮುಖಕ್ಕೇ ಹೇಳಿತು: "ನೀನಂದದ್ದೆಲ್ಲ ಕೇಳಿಸಿಕೊಂಡೆ ಅಕ್ಕಾ, ಒಂದೂ ಸುಳ್ಳಲ್ಲ. ಕೆಡದೆ ಇರೋಳಲ್ಲ ನಾನು, ಬೇಗ ಬರ್ತೀನಿ. ಅಲ್ಲೀತನಕ ನನ್ನ ಮಾನ ಕಳೆಯೋದನ್ನ ಬಿಡಬೇಡ."